ಬಟವಾಡೆ

ಮೊದಲ ದಿನವೇ ಹನ್ನೊಂದು ಕಾಗದ ತಪ್ಪಿದವು.
ಇಪ್ಪತ್ತಾರನೇ ನಂಬರಿನ ಬಾಗಿಲು ತಟ್ಟಿ
‘ಕುಂಞಾಮಿನಾ’ ಎಂದೆ.
ತೆರೆದವಳು ಪೇಚಿಯಮ್ಮ,
ಬೆರಳಿಗೆಲ್ಲ ಅರಿಶಿನ, ಹಿಂದೆ ಕುಕ್ಕರಿನ ಸೀಟಿ.
‘ಅವಳ ಕಾಗದವಾ? ತಾ, ಗೋಡೆಯಾಚೆ ಇದ್ದಾಳೆ’ ಅಂದಳು,
ಹೊಳೆದಂಡೆಯಲ್ಲಿ ಹದಿನಾಲ್ಕು ವರ್ಷ
ಅನ್ನುತ್ತಿದ್ದ ಹಾಗೆಯೇ.

ನನ್ನ ಚೀಲದಲ್ಲಿ ತಾಲೂಕು ಕಚೇರಿಯ ಪಟ್ಟಿ,
ಮೊಹರು, ಸಹಿ, ಕ್ರಮಸಂಖ್ಯೆ ಸಮೇತ:
ಕುಂಞಾಮಿನ ಇಪ್ಪತ್ತಾರು,
ಪೇಚಿಯಮ್ಮ ನಾಲ್ಕು, ಗೇಟಿನ ಬಳಿ,
ಚೋಮಿ ಐವತ್ತೆಂಟು, ಟ್ಯಾಂಕಿಯ ಬುಡ.
ಗಂಜಿ ಕೇಂದ್ರದ ಸಾರಿನ ಡಬರಿಗೆ ಚೀಟಿ ಮಡಿಸಿ ಹಾಕಿ
ಮೂರನೇ ಕ್ಲಾಸಿನ ಹುಡುಗಿಯ ಕೈಲಿ ಎತ್ತಿಸಿದ್ದರು,
ಯಾರಿಗೂ ಅನ್ಯಾಯವಾಗಬಾರದು ಅಂತ.
ಆಗಲೂ ಇಲ್ಲ. ಎಲ್ಲರಿಗೂ ಒಂದೇ ಅಳತೆ, ಒಂದೇ ಹಳದಿ,
ಒಂದೇ ಮೂಲೆಯಲ್ಲಿ ಸೋರುವ ಬಚ್ಚಲು.

ಆ ಕಕ್ಕಡದಲ್ಲಿ, ನೀರಿಳಿದ ಐದನೇ ದಿನ,
ನೆಲ್ಯಹುದಿಕೇರಿಯ ಕೆಳಗಿನ ದಂಡೆಗೆ ಹೋಗಿದ್ದೆ.
ಚೀಲದಲ್ಲಿ ಮೂರು ಪಿಂಚಣಿ, ಒಂದು ಬ್ಯಾಂಕಿನ ನೋಟೀಸು.
ಮನೆಗಳಿದ್ದ ಜಾಗವನ್ನು ಕಾವೇರಿ
ನುಣ್ಣಗೆ ಸಾರಿಸಿ ಹೋಗಿದ್ದಳು.
ಮೆಟ್ಟಿಲು ಮಾತ್ರ ಒಂದು ಕಡೆ ಉಳಿದಿತ್ತು.
ಕಾಲಿಟ್ಟೊಡನೆ ಗೊತ್ತಾಯಿತು, ಬೂಬಣ್ಣನದು:
ಮೂರನೇ ಕಲ್ಲು ಅಲ್ಲಾಡುತ್ತದೆ.
ಅದರ ಮೇಲೇ ಕೂತು ಬರೆದೆ,
‘ವಿಳಾಸದಾರರು ಇಲ್ಲ’.

ಸುಳ್ಳು. ಅವರೆಲ್ಲ ಇದ್ದರು,
ಶಾಲೆಯ ಬೆಂಚು ಜೋಡಿಸಿಕೊಂಡು ಮಲಗಿದ್ದರು.
ಆಳಿದ್ದಾರೆ, ವಿಳಾಸವಿಲ್ಲ ಎಂದು ಬರೆಯಲು
ಇಲಾಖೆಯ ಫಾರಮಿನಲ್ಲಿ ಜಾಗವಿರಲಿಲ್ಲ.

ಎರಡು ಮಳೆಗಾಲ ಕಳೆದು, ಗುಡ್ಡದ ಮೇಲೆ
ಬೀಗದಕೈ ಹಂಚಿ, ಫೋಟೋ ತೆಗೆದು,
ಜೀಪುಗಳು ಇಳಿದು ಹೋದ ಮೇಲೆ,
ರಾತ್ರಿ ಒಂಬತ್ತಕ್ಕೆ ಶುರುವಾಯಿತಂತೆ.
ಮಂಚಮ್ಮನ ಮಗ ಸಿಲಿಂಡರು ಹೊತ್ತ.
ಯಾರದೋ ಕಪಾಟು, ಯಾರದೋ ಕೋಳಿಗೂಡು,
ಟಾರ್ಚಿನ ಬೆಳಕಲ್ಲಿ ಎದುರುಬದುರು ನಡೆದವು.
ಸುಬಹಿಯ ಬಾಂಕಿಗೆ ಮೊದಲು
ನಲವತ್ತು ಬೀಗದಕೈ ಕೈ ಬದಲಾಗಿತ್ತು.
‘ಜಗಳ ಆಗಲಿಲ್ವಾ?’ ಕೇಳಿದೆ.
‘ಆಯ್ತು. ಅಲ್ಲಿ ಆಗ್ತಿರ್ಲಿಲ್ವಾ?’ ಅಂದಳು ಚೋಮಿ.

ಮೂರನೇ ವಾರ ಪಟ್ಟಿಯನ್ನು ಚೀಲದ ತಳಕ್ಕೆ ತಳ್ಳಿ
ಕಾಲು ಹೋದ ಕಡೆ ಹೋದೆ.
ಬೂಬಣ್ಣ, ಆಮೇಲೆ ತಂಗಮಣಿ,
ಆಮೇಲೆ ಗಂಟುಮುಖದ ಮೊಯಿದು,
ಅವನ ಪಕ್ಕಕ್ಕೇ
ಅವನೊಂದಿಗೆ ಮಾತು ಬಿಟ್ಟ ತಮ್ಮ.
ನಿಂತುಬಿಟ್ಟೆ.
ಇದು ನೀರು ಹರಿಯುವ ಕ್ರಮ,
ತೂಗುಹಗ್ಗದ ಕಡವಿನಿಂದ ಬಟ್ಟೆ ಒಗೆವ ಬಂಡೆಯವರೆಗೆ.
ಎಡಕ್ಕೆ ಹೊಳೆಯಿರಬೇಕಿತ್ತು.
ಅಲ್ಲೀಗ ಜೆಸಿಬಿ ಕೆರೆದ ಕೆಂಪು ದರೆ.
ಆದರೂ ಪೇಚಿಯಮ್ಮ ಪಾತ್ರೆ ತೊಳೆದ ನೀರನ್ನು
ಆ ಕಡೆಗೇ ಚೆಲ್ಲುತ್ತಾಳೆ.

ಒಂದು ಕುಟುಂಬ ಇರಿಟ್ಟಿಯ ನೆಂಟರಲ್ಲಿಗೆ ಹೋಗಿ
ಒಂದು ಮನೆ ಉಳಿದಿತ್ತು.
ಆ ಖಾಲಿಯನ್ನು ಅವರು ಸರಿಸುತ್ತ ಸರಿಸುತ್ತ
ಚೋಮಿಗೂ ಮಂಚಮ್ಮನಿಗೂ ನಡುವೆ ತಂದಿಟ್ಟಿದ್ದಾರೆ.
ಅಲ್ಲಿ ಕರ್ಪ ಇದ್ದ.
ಎದೆಮಟ್ಟ ನೀರಿಗೆ, ಆಡು ಬಿಚ್ಚಿ ಬರುತ್ತೇನೆ ಅಂತ ಇಳಿದವನು.
ಆಡು ಬಂತು.

ಕರ್ಪನಿಗೆ ಈಗಲೂ ಟಪಾಲು ಬರುತ್ತದೆ.
ಇವತ್ತು ಬಂದದ್ದು: ವೃದ್ಧಾಪ್ಯ ವೇತನ ಮಂಜೂರು,
ಜೀವಂತವಿರುವ ದೃಢೀಕರಣದೊಂದಿಗೆ
ಖುದ್ದಾಗಿ ಹಾಜರಾಗತಕ್ಕದ್ದು.
ನಿಯಮದಂತೆ ವಾಪಸು ಕಳಿಸಬೇಕು.

ಬಣ್ಣ ಮಾಸದ ಬಾಗಿಲ ಕೆಳಗೆ ಕಾಗದ ತೂರಿಸಿ
‘ಬಟವಾಡೆ’ ಎಂದು ಗುರುತು ಹಾಕಿದೆ.
ಕಿಟಕಿಯ ಸರಳಿಗೆ ಕಟ್ಟಿದ್ದ ಆಡು
ಹಗ್ಗ ಎಳೆದುಕೊಂಡು ಬಂದು
ನನ್ನ ಚೀಲ ಮೂಸಿತು.